ಗಜನಿ: ಜಂತ್ರಡಿಯ ಬಾಗಿಲು ಯಾರ ಕೈಯಲ್ಲಿ?

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿಯು ಅರಬ್ಬೀ ಸಮುದ್ರವನ್ನು ಸೇರುವ ಮೊದಲು ಅಗಲವಾಗಿ ಹರಡಿಕೊಳ್ಳುವ ಅಳಿವೆಯ ಎರಡೂ ದಂಡೆಗಳಲ್ಲಿ, ಮಳೆಗಾಲದಲ್ಲಿ ಸಿಹಿನೀರನ್ನೂ ಬೇಸಿಗೆಯಲ್ಲಿ ಉಪ್ಪುನೀರನ್ನೂ ಉಣ್ಣುವ ತಗ್ಗಿನ ಗದ್ದೆಗಳಿದ್ದು, ಅವುಗಳನ್ನು ಅಲ್ಲಿನವರು ಗಜನಿ ಎಂದು ಕರೆಯುತ್ತಾರೆ. 2024ರ ಜನವರಿ ಕೊನೆಯಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶವು ರಾಮ್ಸರ್ ಪಟ್ಟಿಗೆ, ಅಂದರೆ 1971ರಲ್ಲಿ ಇರಾನಿನ ರಾಮ್ಸರ್ ಪಟ್ಟಣದಲ್ಲಿ ಆದ ಒಪ್ಪಂದದಂತೆ ಗುರುತಿಸಲಾಗುವ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಅದರ ಜೊತೆಗೇ ಕರ್ನಾಟಕದಿಂದ ಆಯ್ಕೆಯಾದ ಇನ್ನೆರಡು ತಾಣಗಳು ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ. ಇವೆರಡೂ ನೀರಾವರಿಗಾಗಿ ಮನುಷ್ಯರು ಕಟ್ಟಿದ ಕೆರೆಗಳು, ಮೂರನೆಯದು ಮನುಷ್ಯರು ಏರಿ ಹಾಕಿ, ಬಾಗಿಲು ಇಟ್ಟು, ಋತುಮಾನಕ್ಕೆ ತಕ್ಕಂತೆ ತೆರೆದು ಮುಚ್ಚಿ ರೂಪಿಸಿಕೊಂಡ ಅಳಿವೆ ಎಂಬುದು ಗಮನಿಸಬೇಕಾದ ಸಂಗತಿ. ಜೌಗು ಪ್ರದೇಶದ ಪುನಶ್ಚೇತನವೆಂದರೆ ಮನುಷ್ಯರ ಕೈಯನ್ನು ಅಲ್ಲಿಂದ ದೂರವಿಡುವುದು ಎಂಬ ಸಾಮಾನ್ಯ ತಿಳಿವಳಿಕೆಯು ಇಂಥ ನೆಲಗಳಲ್ಲಿ ಕೆಲಸಕ್ಕೆ ಬರುವುದಿಲ್ಲ. ಗಜನಿಯಲ್ಲಿ ಕಳೆದ ಅರ್ಧ ಶತಮಾನದಲ್ಲಿ ಆದ ಹಾನಿಗೆ ಬೇಸಾಯಗಾರರ ಕೈ ತಗುಲಿದ್ದಕ್ಕಿಂತ ಆ ಕೈ ಹಿಂದೆ ಸರಿದದ್ದೇ ಹೆಚ್ಚು ಕಾರಣವಾಗಿದೆ.

ಗಜನಿಯ ಬದುಕು ನದಿಯ ಹರಿವಿಗೆ ಕಟ್ಟುಬಿದ್ದಿರುವುದರಿಂದ ವಿಚಾರವನ್ನು ನದಿಯಿಂದಲೇ ಆರಂಭಿಸಬೇಕಾಗುತ್ತದೆ. ಶಿರಸಿಯ ಬಳಿ ಹುಟ್ಟಿ, ಸಿದ್ದಾಪುರದ ಕಾಡುಗಳನ್ನು ಹಾದು, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಸುಮಾರು 120 ಕಿಲೋಮೀಟರ್ ಸಾಗಿ ಕಡಲು ಸೇರುವ ಅಘನಾಶಿನಿಗೆ ಅಡ್ಡಲಾಗಿ ಈವರೆಗೆ ದೊಡ್ಡ ಅಣೆಕಟ್ಟು ಎದ್ದಿಲ್ಲ. ಅದರ ಉತ್ತರಕ್ಕಿರುವ ಕಾಳಿ ಮತ್ತು ದಕ್ಷಿಣಕ್ಕಿರುವ ಶರಾವತಿ ನದಿಗಳೆರಡೂ ಜಲವಿದ್ಯುತ್ತಿಗೆ ಒಳಗಾಗಿವೆ. ಇದರ ಪರಿಣಾಮವು ಕಾಡಿನಲ್ಲಿ ಕಂಡಷ್ಟೇ ಸ್ಪಷ್ಟವಾಗಿ ಅಳಿವೆಯಲ್ಲಿಯೂ ಕಾಣುತ್ತದೆ. ಲಿಂಗನಮಕ್ಕಿಯಲ್ಲಿ ತಡೆದ ನೀರು ವಿದ್ಯುದಾಗಾರಗಳ ಮೂಲಕ ವರ್ಷವಿಡೀ ಹೊರಬರುವುದರಿಂದ ಶರಾವತಿಯ ಅಳಿವೆಯಲ್ಲಿ ಬೇಸಿಗೆಯಲ್ಲಿಯೂ ನೀರು ಬಹುಮಟ್ಟಿಗೆ ಸಪ್ಪೆಯಾಗಿಯೇ ಉಳಿಯುತ್ತದೆ ಮತ್ತು ಉಪ್ಪನ್ನು ಬೇಡುವ ಚಿಪ್ಪುಜೀವಿಗಳು ಅಲ್ಲಿ ನೆಲೆ ಕಳೆದುಕೊಂಡಿವೆ. ಅಘನಾಶಿನಿಯಲ್ಲಿ ಹಾಗಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮಳೆಯು ಅಳಿವೆಯ ಉಪ್ಪನ್ನು ಕಡಲಿಗೆ ತಳ್ಳುತ್ತದೆ, ಮಳೆ ನಿಂತ ಮೇಲೆ ದಿನಕ್ಕೆ ಎರಡು ಬಾರಿ ಏರುವ ಭರತವು ಉಪ್ಪನ್ನು ಮರಳಿ ಒಳಕ್ಕೆ ತರುತ್ತದೆ, ಮೇ ತಿಂಗಳ ಹೊತ್ತಿಗೆ ಅಳಿವೆಯ ಬಾಯಲ್ಲಿ ನೀರಿನ ಉಪ್ಪು ಕಡಲಿನ ಉಪ್ಪಿಗೆ ಹತ್ತಿರವಾಗುತ್ತದೆ. ಭತ್ತ, ಸಿಗಡಿ, ಚಿಪ್ಪು, ಉಪ್ಪು ಎಂಬ ನಾಲ್ಕು ಬೇರೆ ಬೇರೆ ಫಸಲುಗಳು ಒಂದೇ ಅಳಿವೆಯಲ್ಲಿ ಸರದಿಯ ಮೇಲೆ ಸಿಗುವುದು ಈ ಏರಿಳಿತದಿಂದ. ಆದ್ದರಿಂದ ನದಿಯ ಮೇಲ್ಭಾಗದ ನೀರನ್ನು ಬೇರೆಡೆಗೆ ತಿರುಗಿಸುವ ಮಾತು ಬಂದಾಗ, ಕೆಳಗಿನ ಗಜನಿಗೂ ಅದರಲ್ಲಿ ಪಾಲಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವ ಯೋಜನಾ ವರದಿಯೂ ಪೂರ್ಣವಾಗಲಾರದು.

ಗಜನಿಯ ರಚನೆ ಸರಳವಾಗಿದೆ, ಆದರೆ ಅದರ ನಿರ್ವಹಣೆ ಸರಳವಲ್ಲ. ಹೊಳೆಯ ಕಡೆಗೆ ಉದ್ದನೆಯ ಏರಿ, ಏರಿಯ ನಡುವೆ ಅಲ್ಲಲ್ಲಿ ನೀರಿನ ದಾರಿ, ಆ ದಾರಿಗೆ ಮರದ ಹಲಗೆಗಳಿಂದ ಮಾಡಿದ ತೂಬಿನ ಬಾಗಿಲು, ಒಳಗೆ ಹಲವು ಮನೆಗಳಿಗೆ ಸೇರಿದ ಗದ್ದೆಗಳು: ಇಷ್ಟೇ ಅದರ ಅಂಗಾಂಗ. ಈ ಬಾಗಿಲನ್ನು ಜಂತ್ರಡಿ ಎನ್ನುತ್ತಾರೆ. ಗದ್ದೆಗಳು ಬೇರೆ ಬೇರೆಯವರವಾದರೂ ನೀರು ಒಂದೇ ಆಗಿರುವುದರಿಂದ, ಜಂತ್ರಡಿಯನ್ನು ತೆರೆದರೆ ಎಲ್ಲರ ಗದ್ದೆಗೂ ಉಪ್ಪುನೀರು ಬರುತ್ತದೆ, ಮುಚ್ಚಿದರೆ ಎಲ್ಲರಿಗೂ ನಿಲ್ಲುತ್ತದೆ. ಏರಿಯು ಒಂದು ಕಡೆ ಒಡೆದರೆ ಇಡೀ ಗಜನಿಯೇ ಮುಳುಗುತ್ತದೆ. ಮೇಲಿನ ಬಯಲಿನ ರೈತನು ತನ್ನ ಗದ್ದೆಯ ಬದುವಿನೊಳಗೆ ತನಗೆ ಬೇಕಾದ ತಳಿಯನ್ನು ತನಗೆ ಬೇಕಾದ ದಿನ ಬಿತ್ತಬಲ್ಲನು, ಗಜನಿಯ ರೈತನಿಗೆ ಆ ಸ್ವಾತಂತ್ರ್ಯ ಎಂದೂ ಇರಲಿಲ್ಲ.

ಈ ಗದ್ದೆಗಳಿಗೆ ಒಗ್ಗಿದ ಭತ್ತವೇ ಕಗ್ಗ. ಮುಂಗಾರಿನ ಮೊದಲ ಕೆಲವು ಮಳೆಗಳು ಮಣ್ಣಿನ ಮೇಲ್ಪದರದ ಉಪ್ಪನ್ನು ತೊಳೆದ ಮೇಲೆ, ಮೊಳಕೆ ಬರಿಸಿದ ಬೀಜವನ್ನು ಕೆಸರಿನಲ್ಲಿ ಚೆಲ್ಲುತ್ತಾರೆ. ಸಸಿ ಎತ್ತರವಾಗಿ ಬೆಳೆದು ಆಳೆತ್ತರವನ್ನು ಸಮೀಪಿಸುತ್ತದೆ, ನೆರೆ ಬಂದು ಕೆಲವು ದಿನ ನೀರಿನಡಿ ಉಳಿದರೂ ಕೊಳೆಯದೆ ಚೇತರಿಸಿಕೊಳ್ಳುತ್ತದೆ, ಭರತದ ನೀರು ಏರಿಯನ್ನು ಮೀರಿ ಸ್ವಲ್ಪ ಒಳಬಂದರೂ ತಡೆದುಕೊಳ್ಳುತ್ತದೆ. ಗೊಬ್ಬರವನ್ನಾಗಲೀ ಕೀಟನಾಶಕವನ್ನಾಗಲೀ ಇದಕ್ಕೆ ಹಾಕುವ ರೂಢಿಯಿಲ್ಲ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕತ್ತರಿಸಿ ಉಳಿದ ಹುಲ್ಲನ್ನು ಗದ್ದೆಯಲ್ಲಿಯೇ ಬಿಡುವುದರಿಂದ ಮುಂದಿನ ಋತುವಿಗೆ ಬೇಕಾದ ಗೊಬ್ಬರ ಅಲ್ಲಿಯೇ ಸಿದ್ಧವಾಗುತ್ತದೆ. ಕೇರಳದ ಪೊಕ್ಕಾಳಿಯು ಇದೇ ಬಗೆಯ ಭತ್ತ. ಉಪ್ಪನ್ನು ತಾಳಿಕೊಳ್ಳುವ ಅದರ ಗುಣಕ್ಕೆ ಕಾರಣವಾದ ವಂಶವಾಹಿ ಭಾಗವನ್ನು ವಿಜ್ಞಾನಿಗಳು ಗುರುತಿಸಿ, ಅದಕ್ಕೆ ಸಾಲ್ಟಾಲ್ ಎಂದು ಹೆಸರಿಟ್ಟು, ಅಧಿಕ ಇಳುವರಿಯ ತಳಿಗಳಿಗೆ ಸೇರಿಸುವ ಕೆಲಸ ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಿಂದ ಹಿಡಿದು ಹಲವೆಡೆ ನಡೆದಿದೆ. ಕಡಲ ನೀರು ಹೊಲಗಳಿಗೆ ನುಗ್ಗುವುದು ಹೆಚ್ಚುತ್ತಿರುವ ಕಾಲದಲ್ಲಿ ಇಂಥ ತಳಿಗಳ ಬೆಲೆ ಏನೆಂಬುದನ್ನು ಇದರಿಂದ ಊಹಿಸಬಹುದು. ಆದರೆ ಶೀತಲ ಕೋಣೆಯ ಬೀಜಭಂಡಾರದಲ್ಲಿ ಉಳಿದ ಕಗ್ಗವು ಅಳಿವೆಯೊಂದಿಗೆ ತಾನೂ ಬದಲಾಗುತ್ತ ಹೋಗಲಾರದು, ಗದ್ದೆಯಲ್ಲಿ ವರ್ಷವರ್ಷವೂ ಬಿತ್ತಿದ ಕಗ್ಗಕ್ಕೆ ಮಾತ್ರ ಅದು ಸಾಧ್ಯ.

ಕೊಯ್ಲು ಮುಗಿದ ಮೇಲೆ ಗಜನಿಯ ಎರಡನೆಯ ಬದುಕು ಆರಂಭವಾಗುತ್ತದೆ. ಜಂತ್ರಡಿಯನ್ನು ತೆರೆದು ಭರತದ ನೀರನ್ನು ಒಳಬಿಟ್ಟಾಗ ಅದರೊಂದಿಗೆ ಸಿಗಡಿ, ಏಡಿ ಮತ್ತು ಬಗೆಬಗೆಯ ಮೀನಿನ ಮರಿಗಳು ಗದ್ದೆಗೆ ಬರುತ್ತವೆ. ನೀರಿನಲ್ಲಿ ಕೊಳೆಯುವ ಕಗ್ಗದ ಹುಲ್ಲಿನ ಮೇಲೆ ಸೂಕ್ಷ್ಮಜೀವಿಗಳು, ಅವುಗಳನ್ನು ತಿಂದು ಸಣ್ಣ ಹುಳುಗಳು, ಅವುಗಳನ್ನು ತಿಂದು ಮೀನುಮರಿಗಳು ಬೆಳೆಯುತ್ತವೆ. ಹುಣ್ಣಿಮೆ, ಅಮಾವಾಸ್ಯೆಗಳ ದೊಡ್ಡ ಭರತದ ಬಳಿಕ ನೀರು ಇಳಿಯುವಾಗ ಜಂತ್ರಡಿಗೆ ಬಲೆ ಕಟ್ಟಿ ಹಿಡಿಯುವ ಶೆಟ್ಲಿಯು, ಅಂದರೆ ಸಿಗಡಿಯು, ಅನೇಕ ಮನೆಗಳಿಗೆ ಭತ್ತಕ್ಕಿಂತ ಹೆಚ್ಚಿನ ಹಣವನ್ನು ತಂದುಕೊಡುತ್ತಿತ್ತು. ಬೆಳ್ಳಕ್ಕಿಗಳೂ ಚಳಿಗಾಲದ ವಲಸೆ ಹಕ್ಕಿಗಳೂ ಇಲ್ಲಿ ಇಳಿಯುವುದು ಇದೇ ಆಳವಿಲ್ಲದ ನೀರಿಗೆ. ಇಲ್ಲಿ ಭತ್ತದ ಬೆಳೆಯನ್ನು ಮೀನಿನ ಮೇವನ್ನು ಬೆಳೆಯುವ ವಿಧಾನವೆಂದು ನೋಡುವುದು ಹೆಚ್ಚು ಸರಿಯಾದೀತು. ಭತ್ತವನ್ನು ಬಿಟ್ಟು ಮೀನನ್ನಷ್ಟೇ ಇಟ್ಟುಕೊಳ್ಳುವ ಲೆಕ್ಕಾಚಾರವು ಕೆಲವೇ ವರ್ಷಗಳಲ್ಲಿ ಸೋಲುವುದಕ್ಕೆ ಇದು ಒಂದು ಕಾರಣ.

ಹಳೆಯ ಏರಿಗಳು ಮಣ್ಣಿನವು. ಅವುಗಳ ಹೊರಮೈಯಲ್ಲಿ ಅಲೆಯ ಪೆಟ್ಟನ್ನು ತಡೆಯಲು ಕಾಂಡ್ಲಾ ಗಿಡಗಳನ್ನು, ಅಂದರೆ ಉಪ್ಪುನೀರಿನಲ್ಲಿ ಬೇರುಬಿಟ್ಟು ನಿಲ್ಲುವ ಮ್ಯಾಂಗ್ರೋವ್ ಜಾತಿಯ ಮರಗಳನ್ನು, ಬೆಳೆಸಿ ಉಳಿಸಿಕೊಳ್ಳುತ್ತಿದ್ದರು. ಮಳೆಗಾಲಕ್ಕೆ ಮೊದಲು ಪ್ರತಿ ಮನೆಯವರೂ ಏರಿಗೆ ಮಣ್ಣು ಹಾಕಬೇಕಿತ್ತು, ಜಂತ್ರಡಿಯ ಕಾವಲಿಗೆ ಜನರನ್ನು ನೇಮಿಸಬೇಕಿತ್ತು, ಯಾವ ದಿನ ಮುಚ್ಚಬೇಕು, ಯಾವಾಗ ತೆರೆಯಬೇಕು, ಮೀನಿನ ಹಣ ಹೇಗೆ ಹಂಚಿಕೆಯಾಗಬೇಕು ಎಂಬುದನ್ನು ಊರವರು ಕೂಡಿ ತೀರ್ಮಾನಿಸಬೇಕಿತ್ತು. ಇದನ್ನು ಸುವರ್ಣಯುಗವೆಂದು ಬಣ್ಣಿಸುವ ಅಗತ್ಯವೇನೂ ಇಲ್ಲ. ಭೂಮಿಯ ಒಡೆತನವಿದ್ದವರ ಮಾತಿಗೆ ಹೆಚ್ಚು ತೂಕವಿತ್ತು ಮತ್ತು ಸೊಂಟದುದ್ದದ ಕೆಸರಿನಲ್ಲಿ ನಿಂತು ಏರಿ ಕಟ್ಟುತ್ತಿದ್ದವರು ಬಹುಪಾಲು ಗೇಣಿದಾರರು ಹಾಗೂ ಕೂಲಿಗಳು. ಆದರೂ ಏರಿಯನ್ನು ವರ್ಷಕ್ಕೊಮ್ಮೆ ದುರಸ್ತಿ ಮಾಡಬೇಕಾದ ಅನಿವಾರ್ಯವೇ ಜನರನ್ನು ವರ್ಷಕ್ಕೊಮ್ಮೆ ಒಂದೆಡೆ ಸೇರಿಸುತ್ತಿತ್ತು.

1956ರವರೆಗೆ ಮುಂಬೈ ಆಡಳಿತದಲ್ಲಿದ್ದ ಈ ಕರಾವಳಿಯಲ್ಲಿ ಉಪ್ಪುನೆಲಗಳನ್ನು ಖಾರ್‌ಲ್ಯಾಂಡ್ ಎಂದು ಕರೆಯುವ ಆಡಳಿತದ ರೂಢಿಯಿತ್ತು. ಆ ಹೆಸರಿನ ಯೋಜನೆಯಡಿ 1970ರ ದಶಕದ ಹೊತ್ತಿಗೆ ಸರ್ಕಾರವೇ ಕಲ್ಲು, ಸಿಮೆಂಟು ಬಳಸಿ ಶಾಶ್ವತ ಏರಿಗಳನ್ನು ಕಟ್ಟಿಸಿತು. ಉದ್ದೇಶ ಒಳ್ಳೆಯದೇ ಆಗಿತ್ತು, ಏರಿಗಳೂ ಗಟ್ಟಿಯಾದವು. ಆದರೆ ದುರಸ್ತಿಯ ಹೊಣೆ ಇಲಾಖೆಗೆ ಹೋದ ಮೇಲೆ ಊರವರು ಕೂಡುವ ಕಾರಣವೂ ಅದರ ಹಿಂದೆಯೇ ಹೋಯಿತು. ಕಾಂಡ್ಲಾ ಗಿಡಗಳ ರಕ್ಷಣೆ ಬೇಡವೆನಿಸಿ ಅವು ಸೌದೆಯಾದವು. ಶಾಶ್ವತವೆಂದು ಕಟ್ಟಿದ ಏರಿಯು ಕಾಲಾನಂತರ ಅಲ್ಲಲ್ಲಿ ಕುಸಿದಾಗ, ಅದನ್ನು ಸರಿಪಡಿಸಲು ಹಣವಿಲ್ಲದ ಇಲಾಖೆಯೂ ಅಭ್ಯಾಸ ತಪ್ಪಿದ ಊರೂ ಒಬ್ಬರ ಮುಖವನ್ನೊಬ್ಬರು ನೋಡುವಂತಾಯಿತು.

ಹೀಗೆ ಸಡಿಲವಾಗಿದ್ದ ವ್ಯವಸ್ಥೆಯ ಮೇಲೆ 1990ರ ದಶಕದಲ್ಲಿ ಸಿಗಡಿ ಕೃಷಿಯ ಭರಾಟೆ ಬಂದೆರಗಿತು. ರಫ್ತು ಮಾರುಕಟ್ಟೆಯ ಬೆಲೆಯನ್ನು ಕಂಡು ಗಜನಿಗಳನ್ನು ಗುತ್ತಿಗೆಗೆ ಪಡೆದವರು ಹ್ಯಾಚರಿಯ ಮರಿಗಳನ್ನು ತಂದು ಬಿಟ್ಟರು, ಹೊರಗಿನ ಮೇವು ಹಾಕಿದರು. ಅದೇ ದಶಕದ ನಡುವಿನಲ್ಲಿ ಬಿಳಿಚುಕ್ಕೆ ರೋಗವೆಂಬ ವೈರಸ್ ಸೋಂಕು ದೇಶದ ಕರಾವಳಿಯ ಉದ್ದಕ್ಕೂ ಹಬ್ಬಿ ಕೊಳಗಳನ್ನು ಬರಿದುಮಾಡಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದೊಳಗೆ ಸಾಂಪ್ರದಾಯಿಕ ಪದ್ಧತಿಯನ್ನು ಬಿಟ್ಟು ಉಳಿದ ಸಿಗಡಿ ಕೊಳಗಳನ್ನು ನಿಷೇಧಿಸುವ ತೀರ್ಪನ್ನು ನೀಡಿತು. 2005ರಲ್ಲಿ ಬಂದ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯ್ದೆಯು ನೋಂದಣಿಯ ಮೂಲಕ ಅದಕ್ಕೆ ಮತ್ತೆ ಅವಕಾಶ ಕಲ್ಪಿಸಿತು. ನ್ಯಾಯಾಲಯದ ಭಾಷೆಯಲ್ಲಿ ಗಜನಿಯ ಮೀನುಗಾರಿಕೆ ಸಾಂಪ್ರದಾಯಿಕವೇ ಆಗಿದ್ದರೂ, ಗುತ್ತಿಗೆಯ ಒಳಗುಟ್ಟು ಬೇರೆಯಾಗಿತ್ತು. ಭತ್ತಕ್ಕೆ ಜೂನ್ ತಿಂಗಳಿನಲ್ಲಿ ಗದ್ದೆ ಖಾಲಿಯಾಗಿ, ಉಪ್ಪು ತೊಳೆದು ಹೋಗಬೇಕು. ಗುತ್ತಿಗೆದಾರನಿಗೆ ನೀರು ಆದಷ್ಟು ಹೆಚ್ಚು ತಿಂಗಳು ಉಪ್ಪಾಗಿಯೇ ನಿಲ್ಲಬೇಕು. ಜಂತ್ರಡಿಯ ಬಾಗಿಲು ಗುತ್ತಿಗೆದಾರನ ಕೈಗೆ ಹೋದ ಗಜನಿಗಳಲ್ಲಿ ಕಗ್ಗದ ಬಿತ್ತನೆ ತಡವಾಯಿತು, ಆಮೇಲೆ ನಿಂತೇಹೋಯಿತು.

ಬಿತ್ತನೆ ನಿಂತ ಗಜನಿಯಲ್ಲಿ ಒಬ್ಬಿಬ್ಬರು ಮಾತ್ರ ಮತ್ತೆ ಬೇಸಾಯ ಆರಂಭಿಸುವುದು ಅಸಾಧ್ಯವೆಂಬುದನ್ನು ಇಲ್ಲಿ ವಿವರವಾಗಿ ಹೇಳಬೇಕು, ಏಕೆಂದರೆ ಸರ್ಕಾರದ ಪ್ರೋತ್ಸಾಹ ಯೋಜನೆಗಳು ಸಾಮಾನ್ಯವಾಗಿ ಒಬ್ಬೊಬ್ಬ ರೈತನನ್ನೇ ಘಟಕವೆಂದು ಭಾವಿಸುತ್ತವೆ. ನೀರಿನ ನಿಯಂತ್ರಣ ಸಮಷ್ಟಿಯದು ಎಂಬುದು ಮೊದಲನೆಯ ತೊಡಕು. ನೂರಾರು ಎಕರೆ ಪಾಳು ನೀರಿನ ನಡುವೆ ಒಂದೇ ಒಂದು ತುಂಡು ಭತ್ತ ಹಸಿರಾಗಿ ನಿಂತರೆ ಅಳಿವೆಯ ಹಕ್ಕಿಗಳೆಲ್ಲ ಅಲ್ಲಿಗೇ ಇಳಿಯುತ್ತವೆ ಎಂಬುದು ಎರಡನೆಯದು. ಎಲ್ಲರೂ ಬಿತ್ತಿದಾಗ ನಷ್ಟ ಹಂಚಿಹೋಗುತ್ತದೆ, ಒಬ್ಬನೇ ಬಿತ್ತಿದಾಗ ಅವನ ಪಾಲಿಗೆ ಏನೂ ಉಳಿಯುವುದಿಲ್ಲ. ಮೂರನೆಯದು ಬೀಜ. ಕಗ್ಗದ ಬೀಜವು ಅಂಗಡಿಯಲ್ಲಿ ಸಿಗುವ ಸರಕಲ್ಲವಾದ್ದರಿಂದ, ನೆರೆಯವರ ಕಣಜದಲ್ಲಿ ಇಲ್ಲವೆಂದಾದರೆ ಎಲ್ಲಿಯೂ ಇಲ್ಲ. ಮಾಣಿಕಟ್ಟಾ ಮತ್ತು ಅದರ ಸುತ್ತಲಿನ ಊರುಗಳಲ್ಲಿ ಕಗ್ಗವನ್ನು ಉಳಿಸಿಕೊಂಡವರು ಸಂಘ ಕಟ್ಟಿಕೊಂಡು, ಒಡೆತನದ ಗಡಿಗಳನ್ನು ಬದಿಗಿಟ್ಟು ಗಜನಿಯನ್ನು ಒಟ್ಟಾಗಿ ಬಿತ್ತುವ ದಾರಿಯನ್ನು ಹಿಡಿದದ್ದು ಈ ಮೂರೂ ತೊಡಕುಗಳಿಗೆ ಒಮ್ಮೆಗೇ ದೊರೆತ ಉತ್ತರವಾಗಿದೆ.

ಮೀನುಗಾರರ ಮತ್ತು ಚಿಪ್ಪು ಹೆಕ್ಕುವವರ ದೃಷ್ಟಿಯಿಂದ ನೋಡಿದಾಗ ಚಿತ್ರ ಮತ್ತಷ್ಟು ತೊಡಕಾಗುತ್ತದೆ. ಅಳಿವೆಯ ಸುತ್ತ ಹಾಲಕ್ಕಿ ಒಕ್ಕಲಿಗರು, ಪಟಗಾರರು, ಅಂಬಿಗರು, ಹರಿಕಂತ್ರರು ಮೊದಲಾದವರು ಬದುಕುತ್ತಿದ್ದು, ಎಲ್ಲರಿಗೂ ಗದ್ದೆಯಿಲ್ಲ. ಇಳಿತದ ಹೊತ್ತಿನಲ್ಲಿ ತೆರೆದುಕೊಳ್ಳುವ ಮರಳು, ಕೆಸರಿನ ದಿಬ್ಬಗಳಲ್ಲಿ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುವ ಕೆಲಸವು ಭೂಮಿಯಿಲ್ಲದವರಿಗೆ, ಅದರಲ್ಲಿಯೂ ಹೆಂಗಸರಿಗೆ, ಕೈಯಲ್ಲಿ ನಗದು ಆಡುವ ಮುಖ್ಯ ದಾರಿಯಾಗಿತ್ತು. 2008ರ ಸುಮಾರಿಗೆ ನಡೆದ ಒಂದು ಅಧ್ಯಯನವು ಅಘನಾಶಿನಿಯಿಂದ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಜೀವಿಗಳು ಸಿಗುತ್ತವೆ ಎಂದು ಲೆಕ್ಕ ಹಾಕಿತ್ತು. ಈ ದಿಬ್ಬಗಳು ಬರಿಗಣ್ಣಿಗೆ ಬಂಜರಿನಂತೆ ಕಾಣುವುದೇ ಅವುಗಳಿಗಿರುವ ಅಪಾಯ. ಕಾಂಡ್ಲಾ ಬೆಳೆಸುವ ಉತ್ಸಾಹದಲ್ಲಿ ಬಳಚಿನ ದಿಬ್ಬದ ಮೇಲೆಯೇ ಸಸಿ ನೆಟ್ಟರೆ ಒಂದು ನೆಲೆಯನ್ನು ಉಳಿಸುವ ಹೆಸರಿನಲ್ಲಿ ಇನ್ನೊಂದನ್ನು ಮುಚ್ಚಿದಂತಾಗುತ್ತದೆ. ಮ್ಯಾಂಗ್ರೋವ್ ಕಾಡುಗಳನ್ನು ಹೆಚ್ಚಿಸಲು ಕೇಂದ್ರ ಸರ್ಕಾರವು 2023ರಲ್ಲಿ ಮಿಷ್ಟಿ ಎಂಬ ಯೋಜನೆಯನ್ನು ಆರಂಭಿಸಿದ್ದು, ಸಸಿಗಳ ಸಂಖ್ಯೆಯೇ ಸಾಧನೆಯ ಅಳತೆಯಾದಾಗ ಈ ಬಗೆಯ ತಪ್ಪು ಸುಲಭವಾಗಿ ನಡೆದುಹೋಗುತ್ತದೆ. ಕಾಂಡ್ಲಾಕ್ಕೆ ತಕ್ಕ ಜಾಗ ಏರಿಯ ಹೊರಮೈ, ಕುರ್ವೆಗಳ ಅಂಚು ಮತ್ತು ಹಿಂದೆ ಅದು ತಾನಾಗಿ ಬೆಳೆಯುತ್ತಿದ್ದ ತೋಡುಗಳ ಬದಿ. ಅಘನಾಶಿನಿಯಲ್ಲಿ ನದಿಯ ನಡುವಿನ ದ್ವೀಪಗಳನ್ನೇ ಕುರ್ವೆ ಎನ್ನುತ್ತಾರೆ.

ಪಾಳುಬಿದ್ದ ಗಜನಿಗಳಲ್ಲಿ ಕಾಂಡ್ಲಾ ತಾನೇ ಬಂದು ನೆಲೆಸುವುದೂ ಉಂಟು. ಪ್ರಕೃತಿಯ ದೃಷ್ಟಿಯಿಂದ ಇದು ಚೇತರಿಕೆ, ಭೂಮಿಯ ಪಹಣಿ ಹೊಂದಿದವನ ದೃಷ್ಟಿಯಿಂದ ಇದು ಕೈತಪ್ಪಿದ ಗದ್ದೆ, ಏಕೆಂದರೆ ಮ್ಯಾಂಗ್ರೋವ್ ಇರುವ ಜಾಗವು ಕರಾವಳಿ ನಿಯಂತ್ರಣ ನಿಯಮಗಳಲ್ಲಿ ಅತಿ ಕಟ್ಟುನಿಟ್ಟಿನ ವರ್ಗಕ್ಕೆ ಸೇರುತ್ತದೆ. ಇಲ್ಲಿ ಒಂದೇ ಸೂತ್ರವನ್ನು ಎಲ್ಲ ಗಜನಿಗಳಿಗೂ ಹಚ್ಚುವುದು ಅವಿವೇಕ. ದಶಕಗಳಿಂದ ಬೇಸಾಯ ಬಿಟ್ಟು ಕಾಡಾದ ಗಜನಿಯನ್ನು ಕಾಡಾಗಿಯೇ ಬಿಟ್ಟು ಅದರ ಒಡೆಯರಿಗೆ ಮೀನಿನ ಪಾಲನ್ನೋ ಪರಿಹಾರವನ್ನೋ ಕೊಡುವುದು ಮತ್ತು ಏರಿ ಇನ್ನೂ ಗಟ್ಟಿಯಿರುವ, ಬೀಜ ಇನ್ನೂ ಕೈಯಲ್ಲಿರುವ ಗಜನಿಗಳಲ್ಲಿ ಕಗ್ಗವನ್ನು ಮರಳಿ ತರುವುದು, ಇವೆರಡನ್ನೂ ಆಯಾ ಗಜನಿಯವರೊಂದಿಗೆ ಕುಳಿತು ನಿರ್ಧರಿಸುವುದೇ ಸರಿ.

ನೆರೆಯ ರಾಜ್ಯಗಳ ಅನುಭವ ಇಲ್ಲಿ ಉಪಯುಕ್ತವಾಗಿದೆ. ಗೋವೆಯ ಖಾಜನ್ ಭೂಮಿಗಳು ಗಜನಿಯ ಹತ್ತಿರದ ಬಂಧುಗಳು. ಅಲ್ಲಿ ಕೊಮುನಿದಾದ್ ಎಂಬ ಗ್ರಾಮಸಂಸ್ಥೆಗಳು ಏರಿ ಮತ್ತು ತೂಬುಗಳನ್ನು ನೋಡಿಕೊಳ್ಳುತ್ತಿದ್ದವು, 1960ರ ದಶಕದ ಗೇಣಿ ಶಾಸನಗಳ ಬಳಿಕ ಆ ಹೊಣೆ ಗೇಣಿದಾರರ ಸಂಘಗಳಿಗೆ ಹೋಯಿತು, ಗೇಣಿದಾರನಿಗೆ ನ್ಯಾಯ ದೊರೆತರೂ ಏರಿಯ ಪಾಲನೆ ಮಾತ್ರ ಕ್ಷೀಣಿಸಿತು. ಕೇರಳವು ಬೇರೆ ದಾರಿ ಹಿಡಿಯಿತು. 2008ರಲ್ಲಿ ಭೌಗೋಳಿಕ ಸೂಚಕ ಪಡೆದ ಪೊಕ್ಕಾಳಿಯ ಗದ್ದೆಗಳಲ್ಲಿ ಸಿಗಡಿಗೆ ನವೆಂಬರ್ 15ರಿಂದ ಏಪ್ರಿಲ್ 14ರವರೆಗೆ ಮಾತ್ರ ಅವಕಾಶವೆಂಬ ಕಾಲಪಟ್ಟಿಯಿದೆ, ಒಂದು ಭತ್ತ ಒಂದು ಮೀನು ಎಂಬುದು ಸರ್ಕಾರಿ ಯೋಜನೆಯ ಹೆಸರೇ ಆಗಿದೆ. ದಿನಾಂಕವನ್ನು ಮೀರಿ ಉಪ್ಪುನೀರು ನಿಲ್ಲಿಸುವವರು ಅಲ್ಲಿಯೂ ಇದ್ದಾರೆ, ಪೊಕ್ಕಾಳಿಯ ವಿಸ್ತೀರ್ಣ ಅಲ್ಲಿಯೂ ಕುಗ್ಗಿದೆ. ಆದರೆ ಬಿತ್ತುವವನು ಬೆರಳು ಮಾಡಿ ತೋರಿಸಲು ಒಂದು ದಿನಾಂಕವಾದರೂ ಅಲ್ಲಿ ಇದೆ. ಅಘನಾಶಿನಿಯ ಗುತ್ತಿಗೆ ಪತ್ರಗಳಲ್ಲಿ ಅಂಥ ದಿನಾಂಕವನ್ನು ಕಡ್ಡಾಯಗೊಳಿಸುವುದಕ್ಕೆ ದೊಡ್ಡ ಖರ್ಚೇನೂ ಬೇಕಾಗಿಲ್ಲ.

ಖರ್ಚಿನ ಮಾತು ಬಂದಿರುವುದರಿಂದ ಇನ್ನೊಂದನ್ನು ಹೇಳಬೇಕು. 2022-23ರ ರಾಜ್ಯ ಬಜೆಟ್ಟಿನಲ್ಲಿ ಕರಾವಳಿಯ ಕೃಷಿಭೂಮಿಗೆ ಉಪ್ಪುನೀರು ನುಗ್ಗುವುದನ್ನು ತಡೆಯಲು 1,500 ಕೋಟಿ ರೂಪಾಯಿಗಳ ಖಾರ್‌ಲ್ಯಾಂಡ್ ಯೋಜನೆಯನ್ನು ಘೋಷಿಸಲಾಯಿತು. ಬಾವಿಗಳು ಉಪ್ಪಾಗಿ, ತೆಂಗಿನ ತೋಟಗಳು ಸೊರಗಿದ ಊರುಗಳಿಗೆ ತಡೆಗೋಡೆ ನಿಜಕ್ಕೂ ಬೇಕು, ಅದನ್ನು ಅಲ್ಲಗಳೆಯುವುದು ದೂರದಲ್ಲಿ ಕುಳಿತವರಿಗಷ್ಟೇ ಸುಲಭ. ಗಜನಿಯ ಪ್ರಶ್ನೆ ಬೇರೆ. ಗಜನಿಗೆ ಬೇಕಾದದ್ದು ಕಾಲಕ್ಕೆ ಸರಿಯಾಗಿ ತಡೆಯುವ ಮತ್ತು ಕಾಲಕ್ಕೆ ಸರಿಯಾಗಿ ಬಿಡುವ ಏರಿ. ಸಂಪೂರ್ಣವಾಗಿ ಮುಚ್ಚಿದ ಗಜನಿಯಲ್ಲಿ ಸಿಗಡಿ ಬರುವುದಿಲ್ಲ, ಕಗ್ಗಕ್ಕೆ ಬೇಕಾದ ಹೂಳೂ ಬರುವುದಿಲ್ಲ. ಹಳೆಯ ಕ್ರಮದಲ್ಲಿ ಭತ್ತದ ಕಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಭರತದ ನೀರು ಒಳಬಂದು ನಿಂತು ಇಳಿಯುವಾಗ ಅದು ಹೊತ್ತು ತಂದ ಹೂಳಿನ ಒಂದು ಪಾಲು ಗದ್ದೆಯಲ್ಲಿಯೇ ಉಳಿಯುತ್ತಿತ್ತು ಮತ್ತು ನೆಲವು ವರ್ಷಕ್ಕೆ ಕೂದಲೆಳೆಯಷ್ಟಾದರೂ ಏರುತ್ತಿತ್ತು. ಬಾಗಿಲಿಲ್ಲದ ಗೋಡೆಯ ಹಿಂದಿನ ನೆಲಕ್ಕೆ ಈ ಹೂಳು ಸಿಗದೆ, ಅದು ಒಣಗಿ ಕುಗ್ಗಿ ಇನ್ನಷ್ಟು ತಗ್ಗಾಗುತ್ತದೆ, ಹೊರಗಿನ ಕಡಲು ಮಾತ್ರ ಏರುತ್ತಲೇ ಇರುತ್ತದೆ. ನದಿಯ ಮುಖಜಭೂಮಿಗಳಲ್ಲಿ ಒಡ್ಡು ಕಟ್ಟಿ ಒಣಗಿಸಿದ ನೆಲಗಳು ಕಾಲಕ್ರಮದಲ್ಲಿ ಕಡಲ ಮಟ್ಟಕ್ಕಿಂತ ಕೆಳಗಿಳಿದ ಉದಾಹರಣೆಗಳು ಬಂಗಾಳದಿಂದ ಹಾಲೆಂಡಿನವರೆಗೆ ಸಿಗುತ್ತವೆ. ಆದ್ದರಿಂದ ಏರಿ ಎಷ್ಟು ಎತ್ತರವಿರಬೇಕೆಂಬ ಇಂಜಿನಿಯರರ ಲೆಕ್ಕದ ಜೊತೆಗೆ, ಅದರಲ್ಲಿ ಎಷ್ಟು ಜಂತ್ರಡಿಗಳಿರಬೇಕು, ಅವು ಯಾವ ತಿಂಗಳಿನಲ್ಲಿ ತೆರೆದಿರಬೇಕು, ಬೀಗದ ಕೈ ಯಾವ ಸಂಘದ ಬಳಿ ಇರಬೇಕು ಮತ್ತು ಆ ಸಂಘದಲ್ಲಿ ಬಳಚು ಹೆಕ್ಕುವವರಿಗೂ ಸ್ಥಾನವಿರಬೇಕೇ ಎಂಬುದನ್ನು ಅಂದಾಜುಪಟ್ಟಿ ಸಿದ್ಧವಾಗುವ ಮೊದಲೇ ಗಜನಿಯವರ ಸಭೆಯಲ್ಲಿ ಬರೆದಿಟ್ಟುಕೊಳ್ಳಬೇಕಾಗುತ್ತದೆ.